ತಂದೆಯ ಉಳಿ, ಶಾಲೆಯ ಪಾಠ: ನೈಜೀರಿಯಾದ ಶಿಲ್ಪಿ ಬೆನ್ ಎನ್ವೊನ್ವು

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಬೋಧನಾ ಸೂತ್ರವನ್ನು ನಾವೆಲ್ಲರೂ ಮೊದಲ ಪಾಠ ಯೋಜನೆಯಿಂದಲೇ ಬರೆಯುತ್ತ ಬಂದಿದ್ದೇವೆ. ಬರೆಯುವುದು ಸುಲಭ. ಆದರೆ ಮಗು ಮನೆಯಿಂದ, ಕೇರಿಯಿಂದ, ಹಬ್ಬಹರಿದಿನಗಳಿಂದ ತರುವ ತಿಳಿವಿಗೆ ಶಾಲೆ ಎಷ್ಟು ಬೆಲೆ ಕೊಡಬೇಕು, ಅದರ ಮೇಲೆ ಹೊಸದನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ತರಗತಿಗೆ ಕಾಲಿಟ್ಟ ಮೇಲೆಯೇ ಕಾಡತೊಡಗುತ್ತದೆ. ಕುಶಲಕರ್ಮಿಯ ಮನೆಯಿಂದ ಬಂದ ಮಗುವಿನ ಕೈಚಳಕವನ್ನು ಹೊಗಳಿ ಅಲ್ಲಿಗೇ ಬಿಟ್ಟುಬಿಡುವ ಶಿಕ್ಷಕರಿದ್ದಾರೆ. ಅದನ್ನು ಕಂಡೂ ಕಾಣದಂತೆ ಪುಸ್ತಕದ ಪಾಠವನ್ನಷ್ಟೇ ಮಾಡುವವರೂ ಇದ್ದಾರೆ. ಎರಡೂ ಸಾಲದು ಎಂಬುದಕ್ಕೆ ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಶಿಲ್ಪಿ ಬೆನ್ ಎನ್ವೊನ್ವು ಅವರ ಬದುಕು ಒಳ್ಳೆಯ ನಿದರ್ಶನ. ಆಧುನಿಕ ಆಫ್ರಿಕನ್ ಕಲೆಯ ಮಾತು ಬಂದಾಗ ಮೊದಲ ಸಾಲಿನಲ್ಲಿ ಬರುವ ಹೆಸರು ಅವರದು. ಅವರು ಶಾಲಾ ಶಿಕ್ಷಕರೂ ಆಗಿದ್ದರು, ಸರ್ಕಾರದ ಕಲಾ ಸಲಹೆಗಾರರೂ ಆಗಿದ್ದರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿದ್ದರು. ಆದ್ದರಿಂದ ಶಿಕ್ಷಕರಾಗಲಿರುವವರು ಅವರ ಬದುಕನ್ನು ಶಿಕ್ಷಣದ ಕಣ್ಣಿನಿಂದಲೂ ಓದಬಹುದು.

ಮನೆಯೇ ಮೊದಲ ಕಾರ್ಯಾಗಾರ

ಬೆನೆಡಿಕ್ಟ್ ಚುಕ್ವುಕಾಡಿಬಿಯಾ ಎನ್ವೊನ್ವು ಹುಟ್ಟಿದ್ದು 1917ರ ಜುಲೈ 14ರಂದು, ನೈಜರ್ ನದಿಯ ಪೂರ್ವ ದಡದ ಒನಿಟ್ಶಾ ಊರಿನಲ್ಲಿ. ಅದು ಇಗ್ಬೊ ಜನರ ಊರು. ದೊಡ್ಡ ಸಂತೆಗೆ ಹೆಸರಾದದ್ದು. ನೈಜೀರಿಯಾ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ತಾಯಿ ಇಲೊಮ್ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ತಂದೆ ಒಮೆಂಕಾ ರಾಯಲ್ ನೈಜರ್ ಕಂಪನಿಯಲ್ಲಿ ತಾಂತ್ರಿಕ ಕೆಲಸ ಮಾಡಿದವರು, ಊರ ಮುಖ್ಯಸ್ಥರ ಸಭೆಯ ಸದಸ್ಯರು. ಜತೆಗೆ ಹೆಸರುವಾಸಿಯಾದ ಮರದ ಶಿಲ್ಪಿ. ಅಧಿಕಾರದ ದಂಡ, ಪೀಠ, ಚಿತ್ತಾರದ ಬಾಗಿಲು, ದೇವರ ಮೂರ್ತಿ ಇವೆಲ್ಲ ಅವರ ಕೈಯಲ್ಲಿ ಅರಳುತ್ತಿದ್ದವು.

ಆ ಸಮಾಜದಲ್ಲಿ ಶಿಲ್ಪವೆಂದರೆ ಗೋಡೆಗೋ ಕಪಾಟಿಗೋ ಸೇರುವ ಅಲಂಕಾರದ ವಸ್ತುವಲ್ಲ. ದಂಡ ಹಿಡಿದವನಿಗೆ ಅಧಿಕಾರ ಬರುತ್ತದೆ, ಮೂರ್ತಿಗೆ ಪೂಜೆ ಸಲ್ಲುತ್ತದೆ, ಮುಖವಾಡ ಧರಿಸಿ ಕುಣಿದವನಲ್ಲಿ ಹಿರಿಯರ ಆತ್ಮ ಇಳಿಯುತ್ತದೆ ಎಂಬ ನಂಬಿಕೆ. ಭೂತಕೋಲ, ಸೋಮನ ಕುಣಿತಗಳನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲಕ ಬೆನ್‌ಗೆ ಇದೇ ಮೊದಲ ಪಾಠವಾಯಿತು.

1921ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ನಾಲ್ಕು ವರ್ಷ. ತಂದೆಯ ಕೆತ್ತನೆಯ ಹತ್ಯಾರುಗಳು ಮಗನಿಗೆ ಬಂದವು. ಬೆಳೆಯುತ್ತ ಅವನ್ನೇ ಹಿಡಿದು ತಂದೆಯ ಶೈಲಿಯಲ್ಲಿ ಕೆತ್ತುವುದನ್ನು ರೂಢಿಸಿಕೊಂಡರು. ಶಾಲೆಗೆ ಬರುವ ಹೊತ್ತಿಗೆ ಅವರ ಕೈಗೆ ಆಗಲೇ ಒಂದು ಭಾಷೆ ಬರುತ್ತಿತ್ತು.

ಇಬ್ಬರು ಶಿಕ್ಷಕರು, ಎರಡು ದಾರಿ

ಆ ಕಾಲದ ನೈಜೀರಿಯಾದಲ್ಲಿ ಕಲೆಯನ್ನು ಹೇಗೆ ಕಲಿಸಬೇಕೆಂಬುದಕ್ಕೆ ಎರಡು ಉತ್ತರಗಳಿದ್ದವು. ಎನ್ವೊನ್ವು ಅವರ ಮುಂದಿನ ಬದುಕು ಅರ್ಥವಾಗಬೇಕಾದರೆ ಎರಡನ್ನೂ ಅರಿತಿರಬೇಕು.

ಮೊದಲ ಉತ್ತರ ಐನಾ ಒನಬೊಲು ಅವರದು. 1882ರಲ್ಲಿ ಹುಟ್ಟಿದ ಈ ಯೊರುಬಾ ಚಿತ್ರಕಾರರು ಸ್ವಂತ ಪ್ರಯತ್ನದಿಂದ ಭಾವಚಿತ್ರ ಬರೆಯಲು ಕಲಿತು, 1920ರಲ್ಲಿ ಲಂಡನ್ನಿಗೆ ಹೋಗಿ ತರಬೇತಿ ಪಡೆದು ಬಂದರು. ನೆರಳು ಬೆಳಕು, ದೂರ ಹತ್ತಿರಗಳನ್ನು ತೋರಿಸುವ ಪರ್ಸ್‌ಪೆಕ್ಟಿವ್, ಮನುಷ್ಯ ದೇಹದ ಅಳತೆ ಇವುಗಳನ್ನು ಲಾಗೋಸಿನ ಶಾಲೆಗಳಲ್ಲಿ ಕಲಿಸಿದರು. ಯುರೋಪಿನ ನೈಜ ಚಿತ್ರಣ ಆಫ್ರಿಕನ್ನರ ಕೈಗೆ ಒಗ್ಗದು ಎಂದು ಆಳುವವರು ತಿಳಿದಿದ್ದ ಕಾಲದಲ್ಲಿ, ಒಗ್ಗುತ್ತದೆ ಎಂದು ಮಾಡಿ ತೋರಿಸಿದ್ದು ಅವರ ಹಟ. ಕೆಲಸದ ಹೊರೆ ಹೆಚ್ಚಿದಾಗ ಮತ್ತೊಬ್ಬ ಕಲಾ ಶಿಕ್ಷಕರನ್ನು ನೇಮಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಿದವರೂ ಅವರೇ.

ಹಾಗೆ 1927ರಲ್ಲಿ ಇಂಗ್ಲೆಂಡಿನಿಂದ ಬಂದವರು ಕೆನೆತ್ ಮರ್ರೆ. ಬಂದವರು ಹಿಡಿದದ್ದು ತದ್ವಿರುದ್ಧ ದಾರಿ. ಯುರೋಪಿನ ಚಿತ್ರಗಳ ನಕಲು ಬೇಡ. ನಿಮ್ಮ ಊರಿನ ಕುಣಿತ, ಸಂತೆ, ಹೊಲ, ಮುಖವಾಡ, ಮಡಕೆ ಇವೇ ನಿಮ್ಮ ವಸ್ತು ಎಂಬುದು ಅವರ ಬೋಧನೆಯ ಸಾರ. ಸ್ಥಳೀಯ ಕಸುಬುಗಳ ಮೇಲೆ ಅವರಿಗೆ ಅಪಾರ ಗೌರವ. ಪಾಶ್ಚಾತ್ಯ ತಂತ್ರಗಳನ್ನು ಹೆಚ್ಚು ಕಲಿಸಿದರೆ ವಿದ್ಯಾರ್ಥಿಯ ಸಹಜ ಪ್ರತಿಭೆ ಕೆಡುತ್ತದೆಂಬ ಅಂಜಿಕೆಯೂ ಇತ್ತು.

1934ರಲ್ಲಿ ಇಬಾದನ್‌ನ ಸರ್ಕಾರಿ ಕಾಲೇಜಿನಲ್ಲಿ, ಬಳಿಕ ಉಮುಆಹಿಯಾದ ಸರ್ಕಾರಿ ಕಾಲೇಜಿನಲ್ಲಿ ಎನ್ವೊನ್ವು ಮರ್ರೆಯವರ ವಿದ್ಯಾರ್ಥಿಯಾದರು. ಇವು ಪದವಿ ಕಾಲೇಜುಗಳಲ್ಲ, ಪ್ರೌಢಶಾಲೆಗಳು. ಕಾದಂಬರಿಕಾರ ಚಿನುವಾ ಅಚಿಬೆ ಮುಂದೆ ಓದಿದ್ದು ಇದೇ ಉಮುಆಹಿಯಾ ಶಾಲೆಯಲ್ಲಿ. ಮನೆಯಲ್ಲಿ ಕಲಿತದ್ದು ನಾಚಿಕೆಯ ವಿಷಯವಲ್ಲ, ಅದೇ ಬಂಡವಾಳ ಎಂಬ ಧೈರ್ಯ ಹುಡುಗನಿಗೆ ಈ ಗುರುವಿನಿಂದ ಸಿಕ್ಕಿತು. ಮಿಷನರಿಗಳ ಪ್ರಭಾವದಲ್ಲಿ ಊರ ಮೂರ್ತಿಗಳನ್ನು ಕೀಳಾಗಿ ಕಾಣುತ್ತಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. 1937ರಲ್ಲಿ ಮರ್ರೆ ತಮ್ಮ ವಿದ್ಯಾರ್ಥಿಗಳ ಕೃತಿಗಳನ್ನು ಲಂಡನ್ನಿನ ಜ್ವೆಮ್ಮರ್ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. ಅವರಲ್ಲಿ ಎನ್ವೊನ್ವು ಒಬ್ಬರು. ಆಗ ಅವರಿಗೆ ಇಪ್ಪತ್ತು ವರ್ಷ.

ಅಧ್ಯಾಪಕರಾಗಿ, ಮತ್ತೆ ವಿದ್ಯಾರ್ಥಿಯಾಗಿ

ಓದು ಮುಗಿಸಿದ ಎನ್ವೊನ್ವು ಕಲಾ ಶಿಕ್ಷಕರಾದರು. ಉಮುಆಹಿಯಾ, ಕಲಬಾರ್ ಪ್ರಾಂತ್ಯದ ಮಿಷನ್ ಶಾಲೆ, ಬೆನಿನ್ ನಗರದ ಎಡೊ ಕಾಲೇಜು ಹೀಗೆ ಮೂರು ಕಡೆ ಕಲಿಸಿದರು. ಇವುಗಳಲ್ಲಿ ಬೆನಿನ್ ವಾಸಕ್ಕೆ ವಿಶೇಷ ಮಹತ್ವವಿದೆ. ಮೇಣದ ಅಚ್ಚಿನಿಂದ ಲೋಹದ ಎರಕ ಹೊಯ್ಯುವ ವಿದ್ಯೆಯಲ್ಲಿ ಬೆನಿನ್ ಶತಮಾನಗಳಿಂದ ಜಗತ್ತಿಗೇ ಹೆಸರಾದ ನಗರ. 1897ರಲ್ಲಿ ಬ್ರಿಟಿಷ್ ಸೇನೆ ಅಲ್ಲಿನ ಅರಮನೆಯನ್ನು ಲೂಟಿ ಮಾಡಿ ಸಾವಿರಾರು ಕಲಾಕೃತಿಗಳನ್ನು ಹೊತ್ತೊಯ್ದಿತ್ತು. ಅವುಗಳಲ್ಲಿ ಬಹುಪಾಲು ಯುರೋಪಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಎರಕ ಹೊಯ್ಯುವ ಮನೆತನಗಳು ಮಾತ್ರ ಊರಲ್ಲೇ ಉಳಿದಿದ್ದವು. ಇಂಥ ಊರಲ್ಲಿ ಕಲಾ ಪಾಠ ಮಾಡುವ ತರುಣ ಶಿಕ್ಷಕನ ಕಣ್ಣೆದುರಿಗೇ ಪರಂಪರೆಯ ಶ್ರೀಮಂತಿಕೆಯೂ ಇತ್ತು, ಅದರ ನಷ್ಟವೂ ಇತ್ತು.

1944ರಲ್ಲಿ ಶೆಲ್ ಕಂಪನಿ ಮತ್ತು ಬ್ರಿಟಿಷ್ ಕೌನ್ಸಿಲ್ ನೀಡಿದ ವಿದ್ಯಾರ್ಥಿವೇತನದಿಂದ ಅವರು ಇಂಗ್ಲೆಂಡಿಗೆ ಹೋದರು. ಸುಮಾರು ಐದು ವರ್ಷ ಪಾಠ ಹೇಳಿದ್ದವರು ಮತ್ತೆ ಬೆಂಚಿನ ಮೇಲೆ ಕುಳಿತರು. ಮೊದಲು ಗೋಲ್ಡ್‌ಸ್ಮಿತ್ಸ್ ಕಾಲೇಜು, ಆಮೇಲೆ ಆಕ್ಸ್‌ಫರ್ಡ್‌ನ ರಸ್ಕಿನ್, ಕೊನೆಗೆ ಲಂಡನ್ನಿನ ಸ್ಲೇಡ್ ಕಲಾಶಾಲೆ. ಮರ್ರೆ ಕೊಡದೆ ಬಿಟ್ಟಿದ್ದ ಪಾಠಗಳೆಲ್ಲ ಇಲ್ಲಿ ದೊರೆತವು: ಜೀವಂತ ಮಾದರಿಯನ್ನು ನೋಡಿ ರೇಖೆ ಎಳೆಯುವುದು, ದೇಹರಚನೆ, ಜೇಡಿಮಣ್ಣಿನಲ್ಲಿ ರೂಪ ಕಟ್ಟಿ ಕಂಚಿಗೆ ಇಳಿಸುವುದು. ತಂದೆಯ ವಿದ್ಯೆ ಮರದಿಂದ ಬೇಡದ್ದನ್ನು ಕೆತ್ತಿ ತೆಗೆಯುವಂಥದ್ದು. ಸ್ಲೇಡ್‌ನಲ್ಲಿ ಕಲಿತದ್ದು ಮಣ್ಣನ್ನು ಮೆತ್ತಿ ಬೆಳೆಸುವಂಥದ್ದು. 1947ರಲ್ಲಿ ಅವರು ಪ್ರಥಮ ದರ್ಜೆಯಲ್ಲಿ ಡಿಪ್ಲೊಮಾ ಪಡೆದರು. ಓದುತ್ತಿರುವಾಗಲೇ, 1946ರಲ್ಲಿ, ಯುನೆಸ್ಕೊ ಪ್ಯಾರಿಸ್‌ನಲ್ಲಿ ಏರ್ಪಡಿಸಿದ ಅಂತಾರಾಷ್ಟ್ರೀಯ ಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು.

ಡಿಪ್ಲೊಮಾ ಆದ ಮೇಲೆ ಲಂಡನ್ನಿನಲ್ಲಿ ಮಾನವಶಾಸ್ತ್ರವನ್ನೂ ಓದಿದರು. ತಮ್ಮ ಜನರ ಮೂರ್ತಿಗಳನ್ನು, ಮುಖವಾಡಗಳನ್ನು ಯುರೋಪಿನ ವಿದ್ವಾಂಸರು ಯಾವ ಮಾತುಗಳಲ್ಲಿ ವಿವರಿಸುತ್ತಾರೆಂದು ಅರಿಯಲು ಅವರಿಗೆ ಇದರಿಂದ ಸಾಧ್ಯವಾಯಿತು.

ಸರ್ಕಾರದ ಕಲಾ ಸಲಹೆಗಾರ

1948ರಲ್ಲಿ ಎನ್ವೊನ್ವು ಸ್ವದೇಶಕ್ಕೆ ಮರಳಿದರು. ವಸಾಹತು ಸರ್ಕಾರ ಅವರನ್ನು ಲಾಗೋಸಿನಲ್ಲಿ ಕಲಾ ಸಲಹೆಗಾರರನ್ನಾಗಿ ನೇಮಿಸಿತು. ದೇಶದಲ್ಲಿ ಸುತ್ತಾಡುವುದು, ಪ್ರದರ್ಶನಗಳಿಗೆ ನೆರವಾಗುವುದು, ಸರ್ಕಾರದ ಕಟ್ಟಡಗಳಿಗೆ ಕೃತಿಗಳನ್ನು ರಚಿಸುವುದು, ಹೊರದೇಶಗಳಲ್ಲಿ ನೈಜೀರಿಯಾದ ಕಲೆಯ ಬಗ್ಗೆ ಮಾತನಾಡುವುದು ಇವೆಲ್ಲ ಆ ಹುದ್ದೆಯ ಜತೆ ಬಂದವು. ವಿದೇಶಿ ಸರ್ಕಾರದ ಸಂಬಳ ಪಡೆಯುತ್ತ ಸ್ವದೇಶದ ಕಲೆಯ ಘನತೆಗಾಗಿ ವಾದಿಸುವುದು ಇಕ್ಕಟ್ಟಿನ ಸ್ಥಾನ. 1956ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೊರ್ಬೊನ್‌ನಲ್ಲಿ ಕಪ್ಪು ಜನಾಂಗದ ಲೇಖಕರ ಮತ್ತು ಕಲಾವಿದರ ಮೊದಲ ಸಮ್ಮೇಳನ ನಡೆಯಿತು. ಸೆಂಘೋರ್, ಸೆಝೇರ್, ಫನಾನ್ ಮೊದಲಾದವರಿದ್ದ ಆ ವೇದಿಕೆಯಲ್ಲಿ ಎನ್ವೊನ್ವು ಆಫ್ರಿಕದ ಕಲಾವಿದನ ಸಮಸ್ಯೆಗಳನ್ನು ಕುರಿತು ಮಾತನಾಡಿದರು. ಪರರ ಆಳ್ವಿಕೆಯಲ್ಲಿರುವ ದೇಶದಲ್ಲಿ ಕಲೆಯನ್ನು ರಾಜಕೀಯದಿಂದ ಬೇರೆ ಮಾಡಿ ನೋಡಲಾಗದು ಎಂಬುದು ಅವರ ನಿಲುವಾಗಿತ್ತು.

ಈ ವರ್ಷಗಳಲ್ಲೇ ಅವರ ಅತ್ಯುತ್ತಮ ಶಿಲ್ಪಗಳು ಬಂದವು. ಇಬಾದನ್ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರಕ್ಕೆ ಪುನರುತ್ಥಾನಗೊಂಡ ಕ್ರಿಸ್ತನನ್ನು ಮರದಲ್ಲಿ ಕೆತ್ತಿದರು. ಊರ ದೇವರ ಮೂರ್ತಿಗಳನ್ನು ಮಾಡುತ್ತಿದ್ದವರ ಮಗ, ತಂದೆಯ ಮಾಧ್ಯಮದಲ್ಲೇ ಮತ್ತೊಂದು ಧರ್ಮದ ಮೂರ್ತಿ ಮಾಡಿದರು.

ಇವೆಲ್ಲಕ್ಕಿಂತ ಹೆಸರಾದದ್ದು 1954-55ರ ‘ಆನ್ಯನ್ವು’ ಎಂಬ ಕಂಚಿನ ಶಿಲ್ಪ. ಇಗ್ಬೊ ಭಾಷೆಯಲ್ಲಿ ಈ ಪದಕ್ಕೆ ಸೂರ್ಯನ ಕಣ್ಣು ಎಂದರ್ಥ. ಸೂರ್ಯದೇವತೆಗೂ ಅದೇ ಹೆಸರು. ತೆಳ್ಳಗೆ, ಉದ್ದಕ್ಕೆ, ನೆಲದಿಂದ ಚಿಮ್ಮಿದಂತೆ ಎದ್ದು ತುಸು ಬಾಗಿದ ಹೆಣ್ಣಿನ ಆಕೃತಿ ಅದು. ತಲೆಯ ಮೇಲಿನ ಅಲಂಕಾರ ಬೆನಿನ್ ರಾಜಮನೆತನದ್ದು. ದೇಹವನ್ನು ಹಿಗ್ಗಿಸಿ ಎಳೆದ ರೀತಿ ಮರದ ಕೆತ್ತನೆಯನ್ನು ನೆನಪಿಸುತ್ತದೆ. ಮುಖ ಮತ್ತು ಕತ್ತಿನ ನಯಗಾರಿಕೆಯ ಹಿಂದೆ ಸ್ಲೇಡ್‌ನ ಅಭ್ಯಾಸವಿದೆ. ಇಗ್ಬೊ ನಂಬಿಕೆ, ಬೆನಿನ್ ಪರಂಪರೆ, ಲಂಡನ್ನಿನ ತರಬೇತಿ ಮೂರೂ ಸೇರಿವೆ. ಆದರೆ ಹೊಲಿಗೆ ಎಲ್ಲಿಯೂ ಕಾಣುವುದಿಲ್ಲ.

ಈ ಶಿಲ್ಪ ನಿಂತ ಜಾಗವೂ ಗಮನಾರ್ಹ. ಅವರ ಗುರು ಮರ್ರೆ ಶಾಲಾ ಕೆಲಸದಿಂದ ಪ್ರಾಚ್ಯವಸ್ತುಗಳ ರಕ್ಷಣೆಯತ್ತ ಹೊರಳಿ, 1943ರಲ್ಲಿ ಪ್ರಾಚ್ಯವಸ್ತು ಸರ್ವೇಕ್ಷಣಾಧಿಕಾರಿಯಾಗಿದ್ದರು. ಅವರ ದೀರ್ಘ ಶ್ರಮದಿಂದ 1957ರಲ್ಲಿ ಲಾಗೋಸಿನಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಆನ್ಯನ್ವು ನಿಂತದ್ದು ಅದರ ಮುಂದೆ. ಗುರು ಹಳೆಯದನ್ನು ಕಾಪಾಡಿ ಒಳಗಿಟ್ಟರು; ಶಿಷ್ಯ ಅದರಿಂದ ಹೊಸದನ್ನು ಮಾಡಿ ಹೊರಗೆ ನಿಲ್ಲಿಸಿದರು. 1966ರಲ್ಲಿ ನೈಜೀರಿಯಾ ಸರ್ಕಾರ ಇದರ ಮತ್ತೊಂದು ಎರಕವನ್ನು ವಿಶ್ವಸಂಸ್ಥೆಗೆ ಉಡುಗೊರೆಯಾಗಿ ಕೊಟ್ಟಿತು. ಅದು ನ್ಯೂಯಾರ್ಕಿನ ಕೇಂದ್ರ ಕಚೇರಿಯಲ್ಲಿದೆ.

ರಾಣಿಯ ತುಟಿ

1956ರಲ್ಲಿ ಎರಡನೆಯ ಎಲಿಜಬೆತ್ ರಾಣಿ ನೈಜೀರಿಯಾಕ್ಕೆ ಭೇಟಿ ಕೊಟ್ಟರು. ಆ ನೆನಪಿಗೆ ರಾಣಿಯ ಪ್ರತಿಮೆ ರಚಿಸುವ ಕೆಲಸ ಎನ್ವೊನ್ವು ಅವರಿಗೆ ಬಂತು. ಬ್ರಿಟಿಷ್ ರಾಜಮನೆತನದ ಅಧಿಕೃತ ಪ್ರತಿಮೆಯ ಕೆಲಸ ಪಡೆದ ಮೊದಲ ಆಫ್ರಿಕನ್ ಕಲಾವಿದರು ಅವರೇ. ರಾಣಿ ಅವರೆದುರು ಮಾದರಿಯಾಗಿ ಕುಳಿತರು. 1957ರಲ್ಲಿ ಕಂಚಿನ ಪ್ರತಿಮೆ ಲಂಡನ್ನಿನ ಪ್ರದರ್ಶನಕ್ಕೆ ಬಂದಾಗ ಟೀಕೆ ಎದ್ದಿತು. ತುಟಿಗಳು ದಪ್ಪವಾಗಿವೆ, ರಾಣಿಗೆ ಆಫ್ರಿಕನ್ ಮುಖ ಕೊಟ್ಟಿದ್ದಾರೆ ಎಂಬ ಆಕ್ಷೇಪ. ಎನ್ವೊನ್ವು ತಮ್ಮ ಕೃತಿಯನ್ನು ಸಮರ್ಥಿಸಿಕೊಂಡರು. ಪ್ರತಿಮೆ ಲಾಗೋಸಿನ ಸಂಸತ್ ಭವನವನ್ನು ಸೇರಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. 1907ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಆಫ್ರಿಕದ ಮುಖವಾಡಗಳನ್ನು ಕಂಡ ಪಿಕಾಸೊ, ಅವುಗಳ ಪ್ರಭಾವವನ್ನು ತಮ್ಮ ಚಿತ್ರಗಳಿಗೆ ತಂದಾಗ ಅದನ್ನು ಆಧುನಿಕತೆ ಎಂದು ಕರೆದರು. ಆಫ್ರಿಕದ ಶಿಲ್ಪಿ ಯುರೋಪಿನ ತಂತ್ರ ಬಳಸಿದರೆ ನಕಲು ಎಂದರು. ತನ್ನ ಕಣ್ಣಿಗೆ ಕಂಡಂತೆ ರಾಣಿಯನ್ನು ಕಂಡರಿಸಿದರೆ ತಪ್ಪು ಎಂದರು. ಎರವಲು ತರುವ ಹಕ್ಕು ಒಂದು ಕಡೆಯವರಿಗೆ ಮಾತ್ರ ಇತ್ತು. ಎನ್ವೊನ್ವು ಜೀವನವಿಡೀ ಒಪ್ಪದೆ ಉಳಿದದ್ದು ಈ ತಾರತಮ್ಯವನ್ನೇ. ಆಫ್ರಿಕನ್ ಕಲಾವಿದ ಎಂಬ ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸುವುದನ್ನು ಅವರು ಸಹಿಸಲಿಲ್ಲ.

ತರಬೇತಿ ಬೇಕೆ, ಬೇಡವೆ?

1960ರ ಅಕ್ಟೋಬರ್ 1ರಂದು ನೈಜೀರಿಯಾ ಸ್ವತಂತ್ರವಾಯಿತು. ಅದೇ ವರ್ಷ ಲಂಡನ್ನಿನ ಡೈಲಿ ಮಿರರ್ ಪತ್ರಿಕೆ ತನ್ನ ಕಚೇರಿಗಾಗಿ ಏಳು ಮರದ ಶಿಲ್ಪಗಳನ್ನು ಅವರಿಂದ ಮಾಡಿಸಿತು. 1964ರಲ್ಲಿ ಲಾಗೋಸಿನ ವಿದ್ಯುತ್ ನಿಗಮದ ಕಚೇರಿಯ ಮುಂದೆ ಅವರು ರಚಿಸಿದ ‘ಶಾಂಗೊ’ ನಿಂತಿತು. ಶಾಂಗೊ ಯೊರುಬಾ ಜನರ ಗುಡುಗು ಸಿಡಿಲುಗಳ ದೇವರು. ವಿದ್ಯುತ್ ಕಚೇರಿಗೆ ಇದಕ್ಕಿಂತ ತಕ್ಕ ದೇವರು ಯಾರು?

ಅಷ್ಟರಲ್ಲಿ ಹೊಸ ತಲೆಮಾರು ಬಂದಿತ್ತು. 1958ರಲ್ಲಿ ಜಾರಿಯಾ ಪಟ್ಟಣದ ಕಾಲೇಜಿನ ಕಲಾ ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿದರು. ಉಚೆ ಒಕೆಕೆ, ಡೆಮಾಸ್ ನ್ವೊಕೊ, ಬ್ರೂಸ್ ಒನೊಬ್ರಕ್ಪೆಯಾ, ಯೂಸುಫ್ ಗ್ರಿಲ್ಲೊ ಅವರಲ್ಲಿ ಮುಖ್ಯರು. ಸ್ವದೇಶಿ ರೂಪ ಮತ್ತು ಪಾಶ್ಚಾತ್ಯ ತಂತ್ರ ಎರಡರಿಂದಲೂ ಬೇಕಾದ್ದನ್ನು ಆರಿಸಿ ಸಹಜವಾಗಿ ಬೆಸೆಯಬೇಕೆಂಬುದು ಅವರ ಸಿದ್ಧಾಂತ. ಎನ್ವೊನ್ವು ಅದನ್ನು ಆಗಲೇ ಮಾಡುತ್ತಿದ್ದರೂ, ಸರ್ಕಾರಿ ಹುದ್ದೆಯಲ್ಲಿದ್ದ ಹಿರಿಯರು ಎಂಬ ಕಾರಣಕ್ಕೆ ತರುಣರಿಗೆ ಅವರು ದೂರದವರಾಗಿ ಕಂಡರು.

ಇನ್ನೊಂದು ಕಡೆ ಒಶೊಗ್ಬೊ ಪಟ್ಟಣದಲ್ಲಿ ಉಲ್ಲಿ ಬೈಯರ್ ಮತ್ತು ಜಾರ್ಜಿನಾ ಬೈಯರ್ ಮೊದಲಾದ ವಿದೇಶಿ ಕಲಾಪ್ರೇಮಿಗಳು 1960ರ ದಶಕದ ಆರಂಭದಲ್ಲಿ ಕಿರು ಅವಧಿಯ ಕಾರ್ಯಾಗಾರಗಳನ್ನು ನಡೆಸಿದರು. ಕಲಾಶಾಲೆಯ ಮೆಟ್ಟಿಲು ಹತ್ತದ ತರುಣರಿಗೆ ಬಣ್ಣ, ಬಟ್ಟೆ, ಲೋಹ ಕೊಟ್ಟು ಮನಸ್ಸಿಗೆ ಬಂದಂತೆ ಮಾಡಲು ಬಿಟ್ಟರು. ಟ್ವಿನ್ಸ್ ಸೆವೆನ್ ಸೆವೆನ್, ಮುರೈನಾ ಒಯೆಲಾಮಿ ಅವರಂಥ ಗಣ್ಯ ಕಲಾವಿದರು ಹಾಗೆ ಬೆಳಕಿಗೆ ಬಂದರೆಂಬುದು ನಿಜ. ಆದರೆ ತರಬೇತಿಯಿಲ್ಲದ ಆಫ್ರಿಕನ್ನನೇ ನಿಜವಾದ ಆಫ್ರಿಕನ್ ಕಲಾವಿದ ಎಂಬ ಧೋರಣೆಯನ್ನು ಎನ್ವೊನ್ವು ಕಟುವಾಗಿ ವಿರೋಧಿಸಿದರು. ಅವರ ತಂದೆಯಂಥ ಸಾಂಪ್ರದಾಯಿಕ ಶಿಲ್ಪಿಗಳೂ ತರಬೇತಿಯಿಲ್ಲದವರಲ್ಲ. ವರ್ಷಗಟ್ಟಲೆ ಗುರುವಿನ ಬಳಿ ಕೂತು ಕಲಿತವರು. ಸಹಜ ಪ್ರತಿಭೆ ಎಂಬ ಹೊಗಳಿಕೆಯ ಹಿಂದೆ ಕಲಿಕೆಯನ್ನು ನಿರಾಕರಿಸುವ ಅಪಾಯವಿದೆ ಎಂಬುದು ಮರ್ರೆಯವರ ತರಗತಿಯಿಂದ ಸ್ಲೇಡ್‌ವರೆಗೆ ನಡೆದು ಬಂದವರಿಗೆ ಗೊತ್ತಿತ್ತು.

ಯುದ್ಧದ ನಂತರ

1967ರಿಂದ 1970ರ ವರೆಗೆ ಬಿಯಾಫ್ರಾ ಅಂತರ್ಯುದ್ಧ ನೈಜೀರಿಯಾವನ್ನು ಸೀಳಿತು. ಇಗ್ಬೊ ಜನ ಅಪಾರ ಸಾವುನೋವು ಅನುಭವಿಸಿದರು. ಒನಿಟ್ಶಾ ಊರೂ ಯುದ್ಧಕ್ಕೆ ಸಿಕ್ಕಿ ನಲುಗಿತು. 1971ರಲ್ಲಿ ಎನ್ವೊನ್ವು ಇಫೆ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಇಫೆ ಯೊರುಬಾ ಜನರ ಪವಿತ್ರ ನಗರ. 1973ರಲ್ಲಿ ಅಲ್ಲಿನ ರಾಜಮನೆತನದ ತರುಣಿಯೊಬ್ಬರ ಭಾವಚಿತ್ರ ಬರೆದರು. ‘ಟುಟು’ ಎಂಬ ಈ ಚಿತ್ರದ ಮೂರು ಆವೃತ್ತಿಗಳನ್ನು ಅವರು ರಚಿಸಿದರು. ಇಗ್ಬೊ ಕಲಾವಿದ ಯೊರುಬಾ ರಾಜಕುವರಿಯನ್ನು ಅಷ್ಟು ಗೌರವದಿಂದ ಚಿತ್ರಿಸಿದ್ದು ಯುದ್ಧದಿಂದ ಒಡೆದ ದೇಶಕ್ಕೆ ಸಾಮರಸ್ಯದ ಸಂಕೇತವಾಯಿತು. ಅದರ ಅಚ್ಚಾದ ಪ್ರತಿಗಳು ನೈಜೀರಿಯಾದ ಮನೆ ಮನೆಯ ಗೋಡೆಗಳನ್ನು ಸೇರಿದವು. ಮೂಲ ಚಿತ್ರಗಳು ಕಣ್ಮರೆಯಾಗಿದ್ದವು. ಒಂದು 2017ರಲ್ಲಿ ಲಂಡನ್ನಿನ ಮನೆಯೊಂದರಲ್ಲಿ ಪತ್ತೆಯಾಗಿ, ಮರುವರ್ಷ ಸುಮಾರು 12 ಲಕ್ಷ ಪೌಂಡ್‌ಗೆ ಹರಾಜಾಯಿತು.

1975ರ ವರೆಗೆ ಅವರು ಇಫೆಯಲ್ಲಿ ಕಲಿಸಿದರು. 1994ರ ಫೆಬ್ರವರಿ 5ರಂದು ಲಾಗೋಸಿನ ಇಕೊಯಿಯ ತಮ್ಮ ಮನೆಯಲ್ಲಿ ನಿಧನರಾದರು. ಬುಧ ಗ್ರಹದ ಮೇಲಿನ ಕುಳಿಯೊಂದಕ್ಕೆ 2008ರಲ್ಲಿ ಅವರ ಹೆಸರಿಟ್ಟಿದ್ದಾರೆ.

ನಮ್ಮ ತರಗತಿಗೆ

ಒನಬೊಲು ತಂತ್ರವನ್ನು ಕಲಿಸಿದರು. ಮನೆಯ ಕಲೆ ಅವರ ಪಾಠದಲ್ಲಿ ಹಿಂದೆ ಸರಿಯಿತು. ಮರ್ರೆ ಮನೆಯ ಕಲೆಗೆ ಗೌರವ ಕೊಟ್ಟರು, ತಂತ್ರವನ್ನು ತಡೆಹಿಡಿದರು. ಇಬ್ಬರೂ ಪ್ರಾಮಾಣಿಕ ಶಿಕ್ಷಕರೇ, ಇಬ್ಬರ ಕೊಡುಗೆಯೂ ದೊಡ್ಡದೇ. ಆದರೆ ಉಳಿದರ್ಧವನ್ನು ಹುಡುಕಿಕೊಂಡು ಎನ್ವೊನ್ವು ಕಡಲು ದಾಟಬೇಕಾಯಿತು. ಅವರಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಸಿಗದವರ ಕೈಯಲ್ಲಿ ಅರ್ಧ ವಿದ್ಯೆಯೇ ಉಳಿಯಿತು. ಕುಂಬಾರರ, ಬಡಗಿಗಳ, ನೇಕಾರರ ಮಕ್ಕಳು ನಮ್ಮ ತರಗತಿಯಲ್ಲಿದ್ದಾಗ ಈ ಮಾತು ನಮಗೂ ಅನ್ವಯಿಸುತ್ತದೆ. ಮಗುವಿನ ಮನೆಯ ವಿದ್ಯೆಯನ್ನು ಗೌರವಿಸುವುದು ಪೀಠಿಕೆಯ ಹಂತ ಮಾತ್ರ. ಅಲ್ಲಿಂದ ಮುಂದೆ ಆ ಮಗುವಿಗೆ ಇನ್ನೂ ಬಾರದ್ದನ್ನು, ಕಷ್ಟವಾದದ್ದನ್ನು ಪೂರ್ತಿಯಾಗಿ ಕಲಿಸುವುದು ಪಾಠ.

ಬೋಧನಾಭ್ಯಾಸದ ಅವಧಿಯಲ್ಲಿ ಗುಂಪು ಚರ್ಚೆಗೆ ಈ ಪ್ರಶ್ನೆಗಳನ್ನು ಬಳಸಿಕೊಳ್ಳಬಹುದು:

1. ನೀವು ಪಾಠ ಮಾಡುವ ತರಗತಿಯಲ್ಲಿ ಯಾವ ಮಕ್ಕಳಿಗೆ ಮನೆಯ ಕಸುಬಿನ ಅರಿವಿದೆ? ಅದನ್ನು ನೀವು ಹೇಗೆ ತಿಳಿದುಕೊಂಡಿರಿ?

2. ಆ ಅರಿವಿನಿಂದ ಆರಂಭಿಸಿ ಗಣಿತ, ವಿಜ್ಞಾನ ಅಥವಾ ಚಿತ್ರಕಲೆಯ ಒಂದು ಹೊಸ ಕೌಶಲಕ್ಕೆ ತಲುಪುವ ಪಾಠ ಯೋಜನೆ ಬರೆಯಿರಿ. ಹೊಸ ಕೌಶಲ ಯಾವುದೆಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

3. ಮಗುವಿನ ಸಹಜ ಪ್ರತಿಭೆ ಕೆಡಬಾರದೆಂದು ಕಲಿಸದೆ ಬಿಡುವುದಕ್ಕೂ, ಮಗುವಿಗೆ ಇದು ಬಾರದೆಂದು ಕಲಿಸದೆ ಬಿಡುವುದಕ್ಕೂ ಮಗುವಿನ ದೃಷ್ಟಿಯಿಂದ ಏನು ವ್ಯತ್ಯಾಸ?